ಅತ್ತೆ ಮತ್ತು ಹದಿನೈದನೇ ತತ್ವ

ನಾನು ಅಂತರರಾಷ್ಟ್ರೀಯ ಪರಿಸರ ಕಾನೂನನ್ನು ಆರಿಸಿಕೊಂಡದ್ದು ಭೂಮಿಯ ಮೇಲಿನ ಪ್ರೀತಿಯಿಂದಲ್ಲ. ಅದರ ತರಗತಿ ಬೆಳಿಗ್ಗೆ ಹನ್ನೊಂದಕ್ಕಿತ್ತು. ಕಂಪನಿ ಕಾನೂನಿನ ತರಗತಿ ಸಂಜೆ ಐದಕ್ಕೆ. ಐದರ ತರಗತಿಗೆ ಕೂತರೆ ಮಾರಿಕುಪ್ಪಂ ರೈಲು ನನ್ನನ್ನು ಬೆಂಗಳೂರಿನಲ್ಲೇ ಬಿಟ್ಟು ಬಂದುಬಿಡುತ್ತಿತ್ತು. ಹಾಗಾಗಿ ಎಲ್‌ಎಲ್‌ಎಂ ಅರ್ಜಿಯಲ್ಲಿ ಐಚ್ಛಿಕ ವಿಷಯದ ಜಾಗದಲ್ಲಿ ಏನೂ ಯೋಚಿಸದೆ ಅದನ್ನೇ ಬರೆದೆ. ಆ ವರ್ಷ ಅದನ್ನು ಬರೆದವರು ಮೂವರೇ. ಉಳಿದಿಬ್ಬರಿಗೂ ಭೂಮಿಯ ಮೇಲೆ ಅಂಥ ಪ್ರೀತಿ ಇದ್ದಂತೆ ಕಾಣಲಿಲ್ಲ. ಒಬ್ಬರು ಸಂಜೆ ಟೈಪಿಂಗ್ ಕಲಿಯುತ್ತಿದ್ದರು, ಇನ್ನೊಬ್ಬರಿಗೆ ಸಂಜೆ ಕೆಲಸವಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳವು. ನನಗೆ ಮದುವೆಯಾಗಿ ಎರಡು ವರ್ಷವಾಗಿತ್ತು. ಗಂಡನ ಮನೆ ಬಂಗಾರಪೇಟೆಯಿಂದ ರಾಬರ್ಟ್‌ಸನ್‌ಪೇಟೆಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದ್ದ ಹಳ್ಳಿಯಲ್ಲಿ. ಮನೆಯಲ್ಲಿ ಅತ್ತೆ, ಗಂಡ, ನಾನು, ಮೂರು ಸೀಮೆಹಸು. ಮಾವ ನನ್ನ ಮದುವೆಗೆ ಮೊದಲೇ ತೀರಿಕೊಂಡಿದ್ದರು. ಗಂಡ ಕಾರ್ಖಾನೆಯೊಂದರಲ್ಲಿ ಶಿಫ್ಟಿನ ಮೇಲೆ ಕೆಲಸ ಮಾಡುತ್ತಿದ್ದರು. ಮದುವೆಯ ಮಾತುಕತೆಯಲ್ಲಿ ನನ್ನ ಅಪ್ಪ, "ಹುಡುಗಿ ಇನ್ನೂ ಓದಬೇಕು ಅಂತಾಳೆ" ಎಂದಾಗ ಅತ್ತೆ, "ಓದ್ಲಿ ಬಿಡಿ, ಯಾರು ಬೇಡ ಅಂದ್ರು" ಎಂದಿದ್ದರು. ಓದು ಎಂದರೆ ಪರೀಕ್ಷೆ ಹತ್ತಿರ ಬಂದಾಗ ಪುಸ್ತಕ ತೆರೆಯುವುದು ಎಂದು ಅವರು ತಿಳಿದಿದ್ದರು. ದಿನಾ ರೈಲು ಹತ್ತುವುದು ಎಂದು ಆಮೇಲೆ ಗೊತ್ತಾಯಿತು. ಆದರೆ ಕೊಟ್ಟ ಮಾತಿನಿಂದ ಹಿಂದೆ ಸರಿಯಲಿಲ್ಲ.

ರೈಲು ಮಾರಿಕುಪ್ಪಂನಿಂದ ಹೊರಟು ಬಂಗಾರಪೇಟೆಗೆ ಬರುವಷ್ಟರಲ್ಲಿ ತುಂಬಿರುತ್ತಿತ್ತು. ಕೆಜಿಎಫ್‌ನವರು ಕಿಟಕಿ ಪಕ್ಕ ಕೂತು ನಿದ್ದೆ ಮಾಡುತ್ತಿದ್ದರು. ನಾವು ನಿಂತುಕೊಂಡು ಅವರ ನಿದ್ದೆ ನೋಡುತ್ತಿದ್ದೆವು. ಸೀಟು ಸಿಕ್ಕ ಹೆಂಗಸರು ಅವರೆಕಾಯಿ ಸುಲಿಯುತ್ತಿದ್ದರು. ನಿಂತು ಓದಲು ಆಗುತ್ತಿರಲಿಲ್ಲ. ಆದ್ದರಿಂದ ನನ್ನ ಓದೆಲ್ಲ ಬೆಳಗಿನ ಜಾವ ಹಾಲು ಕರೆಯುವಾಗ ನಡೆಯಬೇಕಾಯಿತು. ಅತ್ತೆ ಒಂದು ಹಸುವಿನ ಕೆಳಗೆ, ನಾನು ಇನ್ನೊಂದರ ಕೆಳಗೆ. ಮೇಷ್ಟ್ರು ಕೊಟ್ಟಿದ್ದ ಜೆರಾಕ್ಸ್ ಹಾಳೆಯನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ಬಾಯಿಪಾಠ ಮಾಡುತ್ತಿದ್ದೆ. ಹಾಳೆಯಲ್ಲಿದ್ದುದು ಬ್ರೆಜಿಲ್ ದೇಶದಲ್ಲಿ ಅದಕ್ಕೆ ಸ್ವಲ್ಪ ಹಿಂದೆ ನಡೆದಿದ್ದ ದೊಡ್ಡ ಪರಿಸರ ಸಮ್ಮೇಳನದ ಘೋಷಣೆ. ಇಪ್ಪತ್ತೇಳು ತತ್ವಗಳು, ಎಲ್ಲ ಇಂಗ್ಲಿಷಿನಲ್ಲಿ.

ನಾಲ್ಕನೆಯ ದಿನ ಅತ್ತೆ ಹಾಲು ಕರೆಯುವುದನ್ನು ನಿಲ್ಲಿಸಿದರು.

"ಏನಮ್ಮಾ, ಇಂಗ್ಲೀಷಲ್ಲಿ ಏನೇನೋ ಅಂತಿದ್ದೀಯಲ್ಲಾ, ನನ್ ಮೇಲೇನಾ?"

"ಅಲ್ಲ ಅತ್ತೆ, ಪಾಠ."

"ಪಾಠ ಆದ್ರೆ ಕನ್ನಡದಲ್ಲಿ ಏಳು. ನನಗೂ ಗೊತ್ತಾಗ್ಲಿ."

ಅನುಮಾನ ಬಗೆಹರಿಸಲು ಬೇರೆ ದಾರಿ ಇರಲಿಲ್ಲ. ಅಂದಿನಿಂದ ಒಂದೊಂದು ತತ್ವವನ್ನೂ ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಕನ್ನಡದಲ್ಲಿ ಹೇಳತೊಡಗಿದೆ. ಇದರಿಂದ ನನಗೇ ಉಪಯೋಗವಾಯಿತು. ಕನ್ನಡದಲ್ಲಿ ಹೇಳಲು ಬಾರದ ವಾಕ್ಯ ನನಗೆ ಅರ್ಥವೇ ಆಗಿಲ್ಲ ಎಂಬುದು ಆಗ ತಿಳಿಯುತ್ತಿತ್ತು. ಅಂಥ ವಾಕ್ಯಗಳು ಬಹಳ ಇದ್ದವು.

ಅತ್ತೆಗೆ ಓದು ಬರಹ ಬರುತ್ತಿರಲಿಲ್ಲ. ಹೆಬ್ಬೆಟ್ಟು ಒತ್ತುತ್ತಿದ್ದರು. ಆದರೆ ಯಾವ ಹಸು ಯಾವ ಹಬ್ಬದ ಹಿಂದಿನ ದಿನ ಕರು ಹಾಕಿತು, ಯಾರ ಮದುವೆಯಲ್ಲಿ ಯಾರು ಊಟ ಮಾಡದೆ ಎದ್ದು ಹೋದರು ಎಂಬುದೆಲ್ಲ ಮೂವತ್ತು ವರ್ಷದ್ದು ತಲೆಯಲ್ಲಿತ್ತು. ಎರಡು ತಿಂಗಳು ಕಳೆಯುವುದರಲ್ಲಿ ನನಗಿಂತ ಮೊದಲು ಅವರಿಗೇ ತತ್ವಗಳು ನಂಬರಿನ ಸಮೇತ ಬಾಯಿಗೆ ಬಂದವು. ನಾನು ತಡವರಿಸಿದರೆ ಪಕ್ಕದ ಹಸುವಿನ ಕೆಳಗಿನಿಂದ ಉತ್ತರ ಬರುತ್ತಿತ್ತು.

"ಏಳನೇದು ಏನು ಅತ್ತೆ?"

"ಎಲ್ರಿಗೂ ಜವಾಬ್ದಾರಿ ಐತೆ, ಆದ್ರೆ ಎಲ್ರಿಗೂ ಒಂದೇ ಸಮ ಇಲ್ಲ. ಜಾಸ್ತಿ ಕೆಡಿಸ್ದೋರು ಜಾಸ್ತಿ ಒರಬೇಕು."

"ಹದಿನೈದು?"

"ಕೆಟ್ಟದ್ದಾಗೋ ಅಂಗಿದ್ರೆ, ಪೂರಾ ಗೊತ್ತಾಗ್ಲಿ ಅಂತ ಕಾಯ್ಕೊಂಡು ಕೂತ್ಕೋಬಾರ್ದು."

ಈ ಹದಿನೈದನೆಯದು ಅವರಿಗೆ ಬೇರೆಲ್ಲಕ್ಕಿಂತ ಹಿಡಿಸಿತ್ತು. ಮೊದಲ ಸಲ ಅದನ್ನು ಹೇಳಿಕೊಟ್ಟ ದಿನ ಅವರು, "ನಿಮ್ ಮಾವನೂ ಅಂಗೇ ಕಾಯ್ಕೊಂಡು ಕೂತಿದ್ರು. ಒಟ್ಟೆ ನೋವು. ಏನು ಅಂತ ಪೂರಾ ಗೊತ್ತಾಗ್ಲಿ, ಆಮೇಲೆ ದೊಡ್ಡಾಸ್ಪತ್ರೆಗೆ ಓಗಾಣ ಅಂದ್ರು" ಎಂದರು. ಹಾಲಿನ ಬಕೆಟ್ಟು ಎತ್ತಿಕೊಂಡು ಡೈರಿಗೆ ಹೊರಟರು.

ಹವಾಮಾನದ ಪಾಠ ಶುರುವಾದಾಗ ತೊಂದರೆಯೂ ಶುರುವಾಯಿತು. ದನಗಳು ತೇಗಿದಾಗ ಬರುವ ಅನಿಲವೂ ಭೂಮಿಯನ್ನು ಬಿಸಿಮಾಡುತ್ತದೆ ಎಂದು ಶ್ರೀಮಂತ ದೇಶಗಳ ಪಂಡಿತರು ಲೆಕ್ಕ ಹಾಕಿದ್ದರು. ಆ ಲೆಕ್ಕವನ್ನು ನಮ್ಮ ದೇಶದವರು ಒಪ್ಪಿರಲಿಲ್ಲ. ಪರೀಕ್ಷೆಗೆ ಎರಡೂ ಕಡೆಯ ವಾದ ಗೊತ್ತಿರಬೇಕಿತ್ತು. ನಾನು ಮೊದಲ ಕಡೆಯದನ್ನು ಹೇಳಿದೆ.

"ಯಾವ ಅಸು?" ಎಂದರು ಅತ್ತೆ.

"ಎಲ್ಲಾ ಹಸುಗಳೂ ಅತ್ತೆ."

"ನಮ್ದೂ?"

"ನಮ್ಮದೂ."

ಅವರು ಎದ್ದು ನಿಂತು ನಮ್ಮ ಕಪ್ಪು ಹಸುವಿನ ಮುಖ ನೋಡಿದರು. ಅದು ಮೆಲುಕು ಹಾಕುತ್ತಿತ್ತು.

"ಅವರೂರಲ್ಲಿ ಕಾರು ಎಷ್ಟವೆ?"

"ಮನೆಗೆ ಒಂದೋ ಎರಡೋ ಇರುತ್ತಂತೆ."

"ಅವು ಒಗೆ ಬಿಡಲ್ವಾ?"

"ಬಿಡುತ್ತವೆ."

"ಅಂಗಾದ್ರೆ ಮೊದ್ಲು ಅವನ್ನ ನಿಲ್ಸಕ್ಕೇಳು. ಆಮೇಲೆ ಇವಳತ್ರ ಬರ್ಲಿ."

ತರಗತಿಯಲ್ಲಿ ನನ್ನ ಸರದಿ ಬಂದಾಗ ಇದನ್ನೇ ಸ್ವಲ್ಪ ಉದ್ದ ಮಾಡಿ ಹೇಳಿದೆ. ಮೇಷ್ಟ್ರು ಕನ್ನಡಕ ತೆಗೆದು, ಇದು ಹೆಚ್ಚುಕಡಿಮೆ ನಮ್ಮ ಸರ್ಕಾರದ ನಿಲುವೇ, ಯಾವ ಪುಸ್ತಕದಲ್ಲಿ ಓದಿದಿರಿ ಎಂದು ಕೇಳಿದರು. ಮನೆಯಲ್ಲಿ ಮಾತಾಡಿದ್ದು ಎಂದೆ. ಮನೆಯಲ್ಲಿ ಇನ್ಯಾರಾದರೂ ವಕೀಲರಿದ್ದಾರೆಯೇ ಎಂದರು. ಇಲ್ಲ ಎಂದೆ. ಅವರು ಕನ್ನಡಕ ಹಾಕಿಕೊಂಡು ಪಾಠ ಮುಂದುವರಿಸಿದರು.

ಆ ಬೇಸಿಗೆಯಲ್ಲಿ ಕಪ್ಪು ಹಸುವಿಗೆ ಕಾಯಿಲೆಯಾಯಿತು. ಮೇವು ಬಿಟ್ಟಿತು, ಬಾಯಲ್ಲಿ ಜೊಲ್ಲು ಸುರಿಯಿತು, ನಿಲ್ಲಲು ಆಗದೆ ಮಲಗಿತು. ನಮ್ಮ ಊರಿನ ದನಗಳೆಲ್ಲ ನೀರು ಕುಡಿಯುತ್ತಿದ್ದುದು ಊರ ಹೊರಗಿನ ಕುಂಟೆಯಲ್ಲಿ, ಅಂದರೆ ಸಣ್ಣ ಕೆರೆಯಲ್ಲಿ. ಕುಂಟೆಯ ಮೇಲುಗಡೆ ಟೊಮ್ಯಾಟೊ ತೋಟವಿತ್ತು. ತೋಟದ ಯಜಮಾನ ನಮಗೆ ದೂರದ ಸಂಬಂಧ, ಅತ್ತೆಯನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದ. ಗಿಡಗಳಿಗೆ ಹುಳದ ಔಷಧಿ ಹೊಡೆದಾದ ಮೇಲೆ ಪಂಪನ್ನೂ ಡಬ್ಬಗಳನ್ನೂ ಅವನು ಕುಂಟೆಯಲ್ಲೇ ತೊಳೆಯುತ್ತಿದ್ದ. ಎಲ್ಲರೂ ನೋಡುತ್ತಿದ್ದೆವು. ಯಾರೂ ಏನೂ ಅಂದಿರಲಿಲ್ಲ.

ದನದ ಡಾಕ್ಟರು ಬಂದು ಸೂಜಿ ಹಾಕಿದರು. ಅತ್ತೆ, "ಕುಂಟೆ ನೀರಿಂದ ಅಲ್ವಾ ಸ್ವಾಮಿ?" ಎಂದು ಕೇಳಿದರು. ಡಾಕ್ಟರು, ಇರಬಹುದು, ಇಲ್ಲದೆಯೂ ಇರಬಹುದು, ನೀರನ್ನು ಬೆಂಗಳೂರಿಗೆ ಕಳಿಸಿ ಪರೀಕ್ಷೆ ಮಾಡಿಸಿದರೆ ಮಾತ್ರ ಖಚಿತವಾಗಿ ಹೇಳಬಹುದು ಎಂದರು. ಆಮೇಲೆ ಸೈಕಲ್ ಹತ್ತಿ ಹೋದರು.

ಹಸು ಒಂದು ವಾರ ಮಲಗಿತ್ತು. ಎಂಟನೆಯ ದಿನ ತಾನಾಗಿ ಎದ್ದು ನಿಂತಿತು. ಅಷ್ಟರಲ್ಲಿ ಅತ್ತೆ ಊರಿನ ನಾಲ್ಕು ಹಿರಿಯರಿಗೆ ಹೇಳಿ ಡೈರಿಯ ಜಗುಲಿಯಲ್ಲಿ ಭಾನುವಾರ ಬೆಳಿಗ್ಗೆ ಸಭೆ ಸೇರಿಸಿದ್ದರು. ಭಾನುವಾರವೇ ಯಾಕೆಂದರೆ ಅವತ್ತು ನಾನು ಮನೆಯಲ್ಲಿರುತ್ತಿದ್ದೆ. "ನೀನು ಪಕ್ಕದಲ್ಲಿ ನಿಂತ್ಕೋ ಸಾಕು. ಮಾತು ನಾನಾಡ್ತೀನಿ" ಎಂದರು.

ಹಾಲು ಹಾಕಲು ಬಂದವರೆಲ್ಲ ಕ್ಯಾನು ಕೆಳಗಿಟ್ಟು ಅಲ್ಲೇ ನಿಂತರು. ತೋಟದವನೂ ಬಂದ. ಬಂದವನು ಮೊದಲು, "ಅಸು ಎಂಗೈತೆ ದೊಡ್ಡಮ್ಮಾ?" ಎಂದು ಕೇಳಿದ. ಒಳ್ಳೆಯ ಮನುಷ್ಯನೇ.

"ಎದ್ದವ್ಳೆ. ಇನ್ಮೇಲೆ ನೀನು ಕುಂಟೇಲಿ ಔಷಧಿ ಡಬ್ಬ ತೊಳೀಬಾರ್ದು."

"ಡಾಕ್ಟ್ರು ನೀರಿಂದಾನೇ ಅಂದ್ರಾ?"

"ಇರ್ಬೋದು ಅಂದ್ರು."

"ಇರ್ಬೋದು ಅಂದ್ರೆ ಇಲ್ದೇನೂ ಇರ್ಬೋದು. ಗೊತ್ತಿಲ್ದೆ ನನ್ ಮೇಲೆ ಆಕಿದ್ರೆ ಎಂಗೆ?"

ಅತ್ತೆ ಇದೇ ಮಾತಿಗೆ ಕಾಯುತ್ತಿದ್ದಂತಿತ್ತು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡರು.

"ಪೂರಾ ಗೊತ್ತಾಗ್ಲಿ ಅಂತ ಕಾಯ್ಕೊಂಡು ಕೂತ್ಕೋಬಾರ್ದು ಅಂತ ಹದಿನೈದನೇ ತತ್ವ ಐತೆ. ಪ್ರಪಂಚದ ದೇಶಗಳೆಲ್ಲ ಸೇರ್ಕೊಂಡು ಬರ್ದವ್ರೆ. ನಮ್ ದೇಶದೋರೂ ಓಗಿದ್ರು."

ಡೈರಿಯ ಸೆಕ್ರೆಟರಿ ಹಾಲು ಅಳೆಯುವುದನ್ನು ನಿಲ್ಲಿಸಿದ. ಮೂಲೆಯಲ್ಲಿ ಕೂತಿದ್ದ ಹಿರಿಯರೊಬ್ಬರು ತೆಲುಗಿನಲ್ಲಿ, "ಸಂತಕಂ ಎವುರು ಪೆಟ್ಟಿನಾರು?" ಎಂದರು. ಸಹಿ ಯಾರು ಹಾಕಿದರು ಎಂದು. ಅಂತರರಾಷ್ಟ್ರೀಯ ಕಾನೂನಿನಲ್ಲಿ ಮೊದಲು ಕೇಳಬೇಕಾದ ಪ್ರಶ್ನೆಯೇ ಅದು. ನಮ್ಮ ತರಗತಿಯ ಮೂವರಲ್ಲಿ ಒಬ್ಬರೂ ಅದನ್ನು ಅಷ್ಟು ಬೇಗ ಕೇಳಿರಲಿಲ್ಲ.

ತೋಟದವನು ನನ್ನ ಕಡೆ ತಿರುಗಿದ.

"ಲಾಯರಮ್ಮಾ, ನೀನೇ ಏಳು. ದೊಡ್ಡಮ್ಮ ಏಳಿದ್ದು ಕಾನೂನಾ? ನಾನು ಮೀರಿದ್ರೆ ಕೇಸಾಗ್ತದಾ?"

ಎಲ್ಲರೂ ನನ್ನನ್ನು ನೋಡಿದರು. ಅತ್ತೆ ನೋಡಲಿಲ್ಲ. ನನ್ನ ಉತ್ತರ ಅವರಿಗೆ ಗೊತ್ತಿದೆ ಎಂಬಂತೆ ಮುಂದೆ ನೋಡುತ್ತ ನಿಂತಿದ್ದರು.

ಆ ವಾರವಷ್ಟೇ ಮೇಷ್ಟ್ರು ನಮಗೆ ಘೋಷಣೆಗೂ ಒಪ್ಪಂದಕ್ಕೂ ಇರುವ ವ್ಯತ್ಯಾಸವನ್ನು ಎರಡು ಗಂಟೆ ಹೇಳಿದ್ದರು. ಅದು ಬಿಸಿಬಿಸಿಯಾಗಿ ತಲೆಯಲ್ಲಿತ್ತು. ಬೇರೆ ಕಾನೂನುಗಳಿವೆ, ನೀರು ಕೆಡಿಸಿದರೆ ನಮ್ಮ ದೇಶದ ಕಾನೂನಿನಲ್ಲೇ ದಾರಿಯಿದೆ, ಅದನ್ನು ಹೇಳಬಹುದಿತ್ತು. ಅವನು ಕೇಳಿದ್ದು ಅದನ್ನಲ್ಲ. ನಾನು ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ವಿದ್ಯಾರ್ಥಿನಿ.

"ಅದು ಘೋಷಣೆ. ಒಪ್ಪಂದ ಅಲ್ಲ. ದೇಶಗಳು ಸೇರಿ ಒಳ್ಳೇದು ಅಂತ ಹೇಳಿದ ಮಾತು. ಅದನ್ನ ಮೀರಿದರೆ ಕೇಸು ಹಾಕಕ್ಕಾಗಲ್ಲ. ಅದೂ ದೇಶಗಳಿಗೆ ಹೇಳಿದ್ದು, ಜನಗಳಿಗಲ್ಲ."

"ಅಷ್ಟೇ ಮತ್ತೆ" ಎಂದ ಅವನು. ಗೆದ್ದವನ ದನಿಯಲ್ಲೇನೂ ಅಲ್ಲ. ಹಿರಿಯರು ನೋಡೋಣ ಎಂದರು. ಸೆಕ್ರೆಟರಿ ಹಾಲು ಅಳೆಯತೊಡಗಿದ. ಅತ್ತೆ ಖಾಲಿ ಕ್ಯಾನು ತೆಗೆದುಕೊಂಡು ಮನೆಯ ಕಡೆ ನಡೆದರು. ನಾನು ಹಿಂದೆ ಹೋದೆ. ಅವರು ಬೇಗ ಬೇಗ ನಡೆಯುತ್ತಿದ್ದರು.

ಅವತ್ತಿನಿಂದ ಒಂಬತ್ತು ದಿನ ಅತ್ತೆ ನನ್ನೊಂದಿಗೆ ಮಾತಾಡಲಿಲ್ಲ. ಬೈಯಲಿಲ್ಲ, ತಟ್ಟೆ ಕುಕ್ಕಲಿಲ್ಲ. ರೈಲಿಗೆ ಕಟ್ಟಿಕೊಡುತ್ತಿದ್ದ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿ ಮೊದಲಿನಂತೆಯೇ ಡಬ್ಬಿಯಲ್ಲಿರುತ್ತಿತ್ತು. ನನಗೆ ಏನಾದರೂ ತಿಳಿಸಬೇಕಿದ್ದರೆ ಕಪ್ಪು ಹಸುವಿಗೆ ಹೇಳುತ್ತಿದ್ದರು. "ಏನೇ, ಟ್ರೈನ್ ಟೈಮಾಯ್ತಂತೆ ಯಾರಿಗೋ." "ಏನೇ, ಮಳೆ ಬತ್ತದಂತೆ, ಛತ್ರಿ ತಕ್ಕೊಂಡು ಓಗ್ಬೇಕಂತೆ." ಹಸು ಕೇಳಿಸಿಕೊಳ್ಳುತ್ತಿತ್ತು. ನಾನು ಛತ್ರಿ ತೆಗೆದುಕೊಳ್ಳುತ್ತಿದ್ದೆ.

ಗಂಡನಿಗೆ ಹೇಳಿದೆ. ಅವರು ಶಿಫ್ಟು ಮುಗಿಸಿ ಬಂದು ಕೈಕಾಲು ತೊಳೆಯುತ್ತಿದ್ದರು.

"ನೀನು ಸುಳ್ಳೇಳ್ಬೇಕಿತ್ತು ಅಂತ ಅಮ್ಮ ಅಂದ್ಕೊಂಡಿಲ್ಲ" ಎಂದರು.

"ಮತ್ತೆ?"

"ಸುಮ್ನಿರ್ಬೋದಿತ್ತು ಅಂತ."

ಇಷ್ಟು ಹೇಳಿ ಅವರು ಊಟಕ್ಕೆ ಕೂತರು. ಇಬ್ಬರಲ್ಲಿ ಯಾರ ಪರವೂ ಮಾತಾಡಲಿಲ್ಲ, ಕೊನೆಯವರೆಗೂ.

ಆ ದಿನಗಳಲ್ಲೇ ನನ್ನ ಪ್ರಬಂಧ ಟೈಪ್ ಮಾಡಿಸಲು ರಾಬರ್ಟ್‌ಸನ್‌ಪೇಟೆಗೆ ಹೋಗುತ್ತಿದ್ದೆ. ಟೈಪಿಂಗ್ ಅಂಗಡಿಯವರು ಚಾಂಪಿಯನ್ ರೀಫ್ಸ್ ಕಡೆಯ ತಮಿಳಿನವರು, ವಯಸ್ಸಾದವರು. ಗಾಳಿ ಬೀಸಿದಾಗ ಚಿನ್ನದ ಗಣಿಯ ಸಯನೈಡ್ ದಿಬ್ಬದ ಬಿಳಿ ಧೂಳು ಒಳಗೆ ಬರುತ್ತದೆಂದು ಬಾಗಿಲು ಹಾಕಿಕೊಂಡೇ ಟೈಪ್ ಮಾಡುತ್ತಿದ್ದರು. ಹಾಳೆಯ ಮೇಲೆ ಧೂಳು ಕೂತರೆ ಊದಿ, "ಏನು ಸಬ್ಜೆಕ್ಟಮ್ಮಾ ಇದು?" ಎಂದರು. ಗಾಳಿ, ನೀರು ಕೆಡದಂತೆ ದೇಶಗಳು ಮಾಡಿಕೊಂಡ ಒಪ್ಪಂದಗಳು ಎಂದೆ. "ನಲ್ಲದು, ನಲ್ಲದು" ಎಂದು ತಮಿಳಿನಲ್ಲಿ ಮೆಚ್ಚಿ ಮತ್ತೆ ಊದಿದರು. ಭೂಮಿಯನ್ನು ಬಿಸಿಮಾಡುವ ಅನಿಲಗಳನ್ನು ನಾನು ಗ್ರೀನ್‌ಹೌಸ್ ಗ್ಯಾಸ್ ಎಂದು ಬರೆದಿದ್ದಲ್ಲೆಲ್ಲ ಅವರು ಗ್ಲಾಸ್ ಎಂದು ಟೈಪ್ ಮಾಡಿದ್ದರು. ಗ್ರೀನ್‌ಹೌಸ್ ಎಂದರೆ ಗಾಜಿನ ಮನೆಯಲ್ಲವೇ, ನೀವೇ ತಪ್ಪು ಬರೆದಿದ್ದೀರಿ ಎಂದು ತಿದ್ದಿದೆ ಎಂದರು. ಬಿಳಿ ಶಾಯಿ ಹಚ್ಚಿ ಎಲ್ಲವನ್ನೂ ಸರಿಪಡಿಸಲು ಎರಡು ಶನಿವಾರ ಬೇಕಾಯಿತು.

ಹತ್ತನೆಯ ದಿನ ಹಾಲು ಕರೆಯುತ್ತಿದ್ದಾಗ ಅತ್ತೆಯ ದನಿ ಬಂತು. ಹಸುವಿಗೋ ನನಗೋ ತಕ್ಷಣ ತಿಳಿಯಲಿಲ್ಲ.

"ಕೇಸಾಗಲ್ಲ ಅಂದ್ಮೇಲೆ ಅಷ್ಟೊಂದು ದೇಶದೋರು ವಿಮಾನ ಅತ್ಕೊಂಡು ಅಲ್ಲೀಗಂಟ ಯಾಕೆ ಓಗಿದ್ರು?"

ನಾನು ಕರೆಯುವುದನ್ನು ನಿಲ್ಲಿಸಿದೆ. ಇದಕ್ಕೆ ಹಾಳೆಯಲ್ಲಿ ಉತ್ತರವಿರಲಿಲ್ಲ. ಇದ್ದಷ್ಟು ಹೇಳಿದೆ. "ಎಲ್ಲರ ಮುಂದೆ ಒಂದು ಮಾತು ಆಡಿದ ಮೇಲೆ ಮೀರಕ್ಕೆ ಸ್ವಲ್ಪ ಮುಜುಗರ ಆಗುತ್ತೆ ಅತ್ತೆ. ಆಮೇಲೆ, ಬರೆದು ಸಹಿ ಹಾಕದಿದ್ದರೂ ಎಲ್ಲಾ ದೇಶಗಳೂ ಒಂದೇ ಥರ ನಡಕೊಂತಾ ಹೋದರೆ, ಹಂಗೇ ನಡಕೋಬೇಕು ಅಂತ ಅವಕ್ಕೇ ಅನ್ನಿಸಿಬಿಟ್ಟರೆ, ಅದೇ ಕಾನೂನಾಗುತ್ತೆ. ಪದ್ಧತಿ ಕಾನೂನು ಅಂತಾರೆ."

"ಎಲ್ರೂ ನಡ್ಕೊಂತಾ ಓದ್ರೆ?"

"ಹೂಂ."

"ಇದನ್ನ ಅವತ್ತು ಡೈರಿ ಅತ್ರ ಯಾಕೇಳ್ಲಿಲ್ಲ?"

"ಅವನು ಕೇಳಲಿಲ್ಲ."

ಅತ್ತೆ ನನ್ನ ಕಡೆ ತಿರುಗಿದರು. "ಒಳ್ಳೆ ಲಾಯರಮ್ಮ ಕಣಮ್ಮಾ ನೀನು" ಎಂದರು. ಅದು ಹೊಗಳಿಕೆಯಲ್ಲ. ಆದರೂ ಮಾತು ಮಾತೇ. ಹಸುವಿನ ಹೊಟ್ಟೆಗೆ ಹಣೆ ಆನಿಸಿ ಸ್ವಲ್ಪ ಹೊತ್ತು ಕಣ್ಣು ಒರೆಸಿಕೊಂಡೆ.

ಅಂದಿನಿಂದ ಅತ್ತೆ ಹಸುಗಳನ್ನು ಕುಂಟೆಯಲ್ಲಿ ತೊಳೆಯುವುದನ್ನು ಬಿಟ್ಟರು. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಅಲ್ಲೇ ತೊಳೆಯುತ್ತಿದ್ದವರು. ಈಗ ಬಾವಿಯಿಂದ ಸೇದಿ, ಹೊತ್ತು ತಂದು, ಕೊಟ್ಟಿಗೆಯ ಮುಂದೆ ತೊಳೆಯತೊಡಗಿದರು. ಹೊರುವ ಕೆಲಸದಲ್ಲಿ ಅರ್ಧ ನನ್ನದು. ಮಗ ಕುಂಟೆಯ ಹತ್ತಿರ ಸ್ಕೂಟರ್ ತೊಳೆಯಲು ಹೊರಟರೆ ತಡೆದರು. ಪಕ್ಕದ ಮನೆಯಾಕೆ, "ಯಾಕಕ್ಕಾ, ಇಷ್ಟು ಕಷ್ಟ?" ಎಂದು ಕೇಳಿದರೆ, "ಕುಡಿಯೋ ನೀರಲ್ವಾ, ಅಸು ಬಿದ್ದಿದ್ದು ನೋಡ್ಲಿಲ್ವಾ" ಎನ್ನುತ್ತಿದ್ದರು. ತತ್ವದ ಮಾತು ಎತ್ತಲೇ ಇಲ್ಲ. ತೋಟದವನ ಹೆಸರೂ ಎತ್ತಲಿಲ್ಲ. ಆಕೆಯೂ ಬಿಟ್ಟರು. ಬಟ್ಟೆ ಒಗೆಯುವವರು ಒಬ್ಬೊಬ್ಬರೇ ಕಲ್ಲನ್ನು ಬಾವಿಯ ಕಡೆ ಉರುಳಿಸಿಕೊಂಡರು. ಕೆಲವರು ಬಿಡಲಿಲ್ಲ. ಅತ್ತೆ ಅವರನ್ನೂ ಏನೂ ಅನ್ನಲಿಲ್ಲ. ಅವರ ಮುಂದೆಯೇ ಬಿಂದಿಗೆ ಹೊತ್ತುಕೊಂಡು ಹೋಗುತ್ತಿದ್ದರು, ಸ್ವಲ್ಪ ನಿಧಾನವಾಗಿ.

ನಮ್ಮ ಪಾಠದಲ್ಲಿ ಆಮೇಲೆ ಇನ್ನೊಂದು ಅಧ್ಯಾಯ ಬಂತು. ಪದ್ಧತಿ ಬೆಳೆಯುತ್ತಿರುವಾಗ ಮೊದಲಿನಿಂದಲೂ ಬಿಡದೆ, ತನಗಿದು ಒಪ್ಪಿಗೆಯಿಲ್ಲ ಎಂದು ಹೇಳಿಕೊಂಡೇ ಬಂದ ದೇಶಕ್ಕೆ ಆ ಪದ್ಧತಿ ಅನ್ವಯಿಸುವುದಿಲ್ಲ ಎಂದು. ಅತ್ತೆಯ ಕಿವಿಗೆ ಬೀಳಬಾರದೆಂದು ಈ ಅಧ್ಯಾಯವನ್ನು ನಾನು ಕೊಟ್ಟಿಗೆಯಲ್ಲಿ ಓದಲಿಲ್ಲ. ರೈಲಿನಲ್ಲಿ, ನಿಂತುಕೊಂಡೇ, ಕಂಬಿ ಹಿಡಿದು ಓದಿ ಮುಗಿಸಿದೆ.

ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ದಿನ ತೋಟದವನು ತನ್ನ ಬೋರ್‌ವೆಲ್ ಪಕ್ಕ ಒಂದು ಗುಂಡಿ ತೋಡಿಸಿದ. ಪಂಪು, ಡಬ್ಬ ಅಲ್ಲೇ ತೊಳೆಯತೊಡಗಿದ. ಯಾರಿಗೂ ಏನೂ ಹೇಳಲಿಲ್ಲ. ಯಾಕೆ ಹಾಗೆ ಮಾಡಿದನೆಂದು ನನಗೆ ಇವತ್ತಿಗೂ ಖಚಿತವಿಲ್ಲ. ಊರೆಲ್ಲ ಬಿಟ್ಟ ಮೇಲೆ ತಾನೊಬ್ಬನೇ ಕುಂಟೆಯಲ್ಲಿ ನಿಲ್ಲುವುದು ಅವನಿಗೆ ಮುಜುಗರವಾಗಿರಬಹುದು. ಅವನ ಹೆಂಡತಿ ಬೈದಿರಬಹುದು, ಅವರೂ ಆ ವರ್ಷ ಒಂದು ಹಸು ತಂದಿದ್ದರು. ಬೋರ್‌ವೆಲ್ ಹತ್ತಿರವಿತ್ತು ಎಂಬುದೂ ಕಾರಣವಿರಬಹುದು. ನಮ್ಮ ಹಸು ಯಾಕೆ ಬಿದ್ದಿತ್ತು ಎಂಬುದೂ ಗೊತ್ತಾಗಲಿಲ್ಲ. ನೀರನ್ನು ಬೆಂಗಳೂರಿಗೆ ಯಾರೂ ಕಳಿಸಲಿಲ್ಲ. ಗುಂಡಿ ತೋಡಿದ ವಾರ ಅತ್ತೆ ಅವನ ಮನೆಗೆ ಒಂದು ಚೊಂಬು ಗಿಣ್ಣು ಹಾಲು ಕಳಿಸಿದರು. ಅವನು ಖಾಲಿ ಚೊಂಬಿನಲ್ಲಿ ಟೊಮ್ಯಾಟೊ ತುಂಬಿ ಕಳಿಸಿದ. ಅತ್ತೆ ಅವನ್ನು ಮೂರು ಸಲ ತೊಳೆದು ಸಾರಿಗೆ ಹಾಕಿದರು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಪರೀಕ್ಷಕರೊಬ್ಬರು ಬಂದಿದ್ದರು. ಬರೆದು ಸಹಿ ಹಾಕದ ನಿಯಮ ಹೇಗೆ ಕಾನೂನಾಗುತ್ತದೆ, ಒಂದು ಉದಾಹರಣೆ ಕೊಡಿ ಎಂದರು. ಕುಂಟೆ ನಾಲಿಗೆಯ ತುದಿಗೆ ಬಂತು. ಪುಸ್ತಕದಲ್ಲಿದ್ದ ಸಮುದ್ರದ ಉದಾಹರಣೆ ಕೊಟ್ಟೆ. ಸರಿ ಎಂದರು. ನನಗೆ ಎರಡನೇ ದರ್ಜೆ ಬಂತು. ಫಲಿತಾಂಶ ಬಂದ ದಿನ ಅತ್ತೆ, "ಮೊದಲ್ನೇ ದರ್ಜೆ ಅಂತ ಒಂದೈತಲ್ವಾ, ಅದು ಯಾರಿಗೆ ಬಂತು?" ಎಂದು ಕೇಳಿದರು. ಸಂಜೆ ಟೈಪಿಂಗ್ ಕಲಿಯುತ್ತಿದ್ದವರಿಗೆ ಎಂದೆ. ಅವರಿಗೆ ಅತ್ತೆ ಇದ್ದಾರಾ ಎಂದರು. ಮದುವೆಯಾಗಿಲ್ಲ ಎಂದೆ. ಅದಕ್ಕೇ ಎಂದರು. ಯಾವುದಕ್ಕೆ ಎಂದು ನಾನು ಕೇಳಲಿಲ್ಲ.

ಆಮೇಲೆ ನಾನು ಬಂಗಾರಪೇಟೆಯ ಕೋರ್ಟಿನಲ್ಲಿ ವಕೀಲಿ ಶುರುಮಾಡಿದೆ. ನನ್ನ ಹತ್ತಿರ ಬಂದವು ಪಾಲಿನ ಕೇಸುಗಳು, ಬದುವಿನ ಕೇಸುಗಳು, ಒಂದೆರಡು ಜೀವನಾಂಶದ ಕೇಸುಗಳು. ಅಂತರರಾಷ್ಟ್ರೀಯ ಪರಿಸರ ಕಾನೂನಿನ ಕೇಸು ಒಂದೂ ಬರಲಿಲ್ಲ. ಕಂಪನಿ ಕಾನೂನಿನದೂ ಬರಲಿಲ್ಲ.

ಒಂದು ಬೇಸಿಗೆಯ ಬೆಳಿಗ್ಗೆ ರೇಡಿಯೋದ ವಾರ್ತೆಯಲ್ಲಿ, ಹವಾಮಾನದ ವಿಚಾರವಾಗಿ ದೇಶಗಳೆಲ್ಲ ಜರ್ಮನಿಯಲ್ಲಿ ಸೇರಿದ್ದ ಸಭೆ ಮುಗಿಯಿತೆಂದು ಹೇಳಿದರು. ಅತ್ತೆ ಅಂಗಳದಲ್ಲಿ ಕುಡುಗೋಲು ಮಸೆಯುತ್ತಿದ್ದರು.

"ಏನು ತೀರ್ಮಾನ ಮಾಡಿದ್ರಂತೆ?"

"ಈಗ ಒಪ್ಪಿಕೊಂಡಿರೋದು ಸಾಲದು ಅಂತ ಎಲ್ಲರೂ ಒಪ್ಪಿಕೊಂಡ್ರಂತೆ. ಇನ್ನು ಎರಡು ವರ್ಷ ಮಾತಾಡ್ತಾರಂತೆ."

ಅತ್ತೆ ಕುಡುಗೋಲಿನ ಅಲಗನ್ನು ಹೆಬ್ಬೆರಳಿನಿಂದ ಮುಟ್ಟಿ ನೋಡಿದರು. "ಮಾತಾಡ್ಲಿ" ಎಂದರು. "ಮಾತು ಬಿಟ್ರೆ ಕಷ್ಟ." ಹುಲ್ಲು ಕಟ್ಟುವ ಹಗ್ಗವನ್ನು ಹೆಗಲಿಗೆ ಹಾಕಿಕೊಂಡು, ಬಿಸಿಲು ಏರುವ ಮೊದಲು ಹೊಲದ ಕಡೆ ಹೊರಟರು. ನನಗೆ ಹನ್ನೊಂದಕ್ಕೆ ಬದುವಿನ ಕೇಸೊಂದಿತ್ತು. ಕಪ್ಪು ಕೋಟು ಒದರಿ, ಬಸ್ಸಿಗೆ ಹೊರಟೆ.